ದೋಣಿಯಲ್ಲಿ ಎಷ್ಟು ಮಂದಿ? ಮಲೆನಾಡಿನ ಚಿತ್ರೀಕರಣ ಮತ್ತು ಬರೆದಿಡದ ಹೊಣೆಗಳು

2025ರ ಜೂನ್ ತಿಂಗಳಿನಲ್ಲಿ, ಮಳೆಗಾಲ ಹಿಡಿದುಕೊಳ್ಳುತ್ತಿದ್ದ ಹೊತ್ತಿಗೆ, ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ಹಿನ್ನೀರಿನಲ್ಲಿ ಕನ್ನಡ ಚಿತ್ರವೊಂದರ ಚಿತ್ರೀಕರಣದ ವೇಳೆ ದೋಣಿ ಮಗುಚಿದ ಸುದ್ದಿ ಬಂತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ಮೊದಲ ವರದಿಗಳು ದೋಣಿಯಲ್ಲಿ 30ರಷ್ಟು ಮಂದಿ ಇದ್ದರೆಂದು ಬರೆದರೆ, ಚಿತ್ರತಂಡ ನೀಡಿದ ವಿವರಣೆ ಬೇರೆಯೇ ಆಗಿತ್ತು. ಎರಡರಲ್ಲಿ ಯಾವುದು ಸರಿ ಎಂದು ತೀರ್ಪು ಹೇಳುವುದಾಗಲಿ, ಆ ತಂಡದ ಒಳಗಿನ ವ್ಯವಸ್ಥೆ ಹೇಗಿತ್ತೆಂದು ಊಹಿಸುವುದಾಗಲಿ ಈ ಲೇಖನದ ಕೆಲಸವಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು, ಆ ಸುದ್ದಿ ಬಂದ ವಾರ ತೀರ್ಥಹಳ್ಳಿಯ ಹೋಟೆಲೊಂದರಲ್ಲಿ ಎದುರು ಕುಳಿತಿದ್ದ, ಹಲವಾರು ವರ್ಷಗಳಿಂದ ಸಿನಿಮಾ ಯೂನಿಟ್‌ಗಳಿಗೆ ಮನೆ, ಜೀಪು, ಜನ ಒದಗಿಸುತ್ತ ಬಂದ ಹಿರಿಯರೊಬ್ಬರು ಕೇಳಿದ ಪ್ರಶ್ನೆ: "ಅಲ್ಲ ಮಾರಾಯ್ರೆ, ದೋಣಿ ಹತ್ತೋವಾಗ ತಲೆ ಎಣಿಸೋದು ಯಾರ ಕೆಲ್ಸ?"

ನಮ್ಮ ಬಹುಪಾಲು ಯೂನಿಟ್‌ಗಳಲ್ಲಿ ಈ ಪ್ರಶ್ನೆ ಕೇಳಿದರೆ ಒಂದು ಉತ್ತರ ಸಿಗುವುದಿಲ್ಲ, ನಾಲ್ಕು ಸಿಗುತ್ತವೆ. ಮ್ಯಾನೇಜರ್ ಸಹ ನಿರ್ದೇಶಕರತ್ತ ಕೈ ತೋರಿಸುತ್ತಾರೆ, ಸಹ ನಿರ್ದೇಶಕರು ಸಾಹಸ ನಿರ್ದೇಶಕರತ್ತ, ಸಾಹಸ ನಿರ್ದೇಶಕರು ದೋಣಿಯವನತ್ತ. ದೋಣಿಯವನಿಗೋ, ಹತ್ತಿಸಿಕೊಳ್ಳಲು ಹೇಳಿದವರ ಹೆಸರೇ ಗೊತ್ತಿರುವುದಿಲ್ಲ. ಸಿನಿಮಾ ಸೆಟ್‌ನಲ್ಲಿ ಯಾವ ಹುದ್ದೆಗೆ ಯಾವ ಹೊಣೆ ಎಂಬ ವಿಷಯವನ್ನು ಚಿತ್ರರಂಗದ ಒಳಗಿನ ಮಾತು ಎಂದು ಬಿಡುವ ಹಾಗಿಲ್ಲ. ಮಲೆನಾಡಿನ ಹಿನ್ನೀರು, ಕಾಡು, ಮಳೆ, ಅಡಿಕೆ ತೋಟಗಳ ನಡುವೆ ದೊಡ್ಡ ಯೂನಿಟ್‌ಗಳು ಬಂದಿಳಿಯುತ್ತಿರುವಾಗ ಇದು ಇಲ್ಲಿನ ಜನರ ವಿಷಯವೂ ಆಗಿದೆ.

ಹೊರಗಿನಿಂದ ನೋಡುವವರಿಗೆ ಯೂನಿಟ್ ಎಂದರೆ ಮದುವೆಯ ದಿಬ್ಬಣ ಇದ್ದ ಹಾಗೆ. ಎಲ್ಲರೂ ಓಡಾಡುತ್ತಿರುತ್ತಾರೆ, ಯಾರು ಯಾರ ಕಡೆಯವರೆಂದು ತಿಳಿಯುವುದಿಲ್ಲ. ಒಳಗೆ ಮಾತ್ರ ಎರಡು ಸಾಲುಗಳಿವೆ. ತೆರೆಯ ಮೇಲೆ ಏನು ಕಾಣಬೇಕು ಎಂಬುದನ್ನು ತೀರ್ಮಾನಿಸುವ ಸಾಲಿನಲ್ಲಿ ನಿರ್ದೇಶಕ, ಛಾಯಾಗ್ರಾಹಕ, ಕಲಾ ನಿರ್ದೇಶಕ, ವಸ್ತ್ರವಿನ್ಯಾಸ ಮತ್ತು ಪ್ರಸಾಧನದವರು ಬರುತ್ತಾರೆ. ಹಣ, ಸಮಯ, ಜನ, ಜಾಗ ನೋಡಿಕೊಳ್ಳುವ ಸಾಲಿನಲ್ಲಿ ನಿರ್ಮಾಪಕ, ಕಾರ್ಯಕಾರಿ ನಿರ್ಮಾಪಕ ಮತ್ತು ಪ್ರೊಡಕ್ಷನ್ ಮ್ಯಾನೇಜರ್ ಇರುತ್ತಾರೆ. ಹಾಲಿವುಡ್ಡಿನಂತಹ ಕಡೆ ಈ ಎರಡು ಸಾಲುಗಳ ನಡುವೆ ಮೊದಲ ಸಹಾಯಕ ನಿರ್ದೇಶಕ ಎಂಬ ಹುದ್ದೆಯೊಂದಿದೆ. ಹೆಸರಿನಲ್ಲಿ ನಿರ್ದೇಶಕ ಎಂಬ ಪದವಿದ್ದರೂ ಅವರದು ಕಲೆಯ ಕೆಲಸವಲ್ಲ. ದಿನದ ವೇಳಾಪಟ್ಟಿ, ಯಾರು ಎಷ್ಟು ಹೊತ್ತಿಗೆ ಬರಬೇಕು, ಯಾವ ಶಾಟ್ ಮೊದಲು, ಸೆಟ್ ಸುರಕ್ಷಿತವಾಗಿದೆಯೇ ಎಂಬುದೆಲ್ಲ ಅವರ ತಲೆಯ ಮೇಲಿರುತ್ತದೆ.

ನಮ್ಮಲ್ಲಿ ಸಹ ನಿರ್ದೇಶಕ ಎಂದರೆ ಮುಂದೆ ನಿರ್ದೇಶಕನಾಗಲು ಕಲಿಯುತ್ತಿರುವವನು. ಕಥೆಯ ಚರ್ಚೆಯಲ್ಲಿ ಕುಳಿತುಕೊಳ್ಳುತ್ತಾನೆ, ಸಂಭಾಷಣೆ ಹೇಳಿಕೊಡುತ್ತಾನೆ, ಒಂದು ಶಾಟ್‌ನಿಂದ ಮುಂದಿನದಕ್ಕೆ ವೇಷ, ವಸ್ತು ಹೊಂದುತ್ತವೆಯೇ ಎಂಬ ಕಂಟಿನ್ಯೂಟಿ ನೋಡುತ್ತಾನೆ, ಜ್ಯೂನಿಯರ್ ಕಲಾವಿದರನ್ನು ಸಾಲಾಗಿ ನಿಲ್ಲಿಸುತ್ತಾನೆ, ನಾಯಕಿಯನ್ನು ಕ್ಯಾರವಾನ್‌ನಿಂದ ಕರೆತರುತ್ತಾನೆ. ದಿನದ ಸಮಯ ಮಾತ್ರ ಮ್ಯಾನೇಜರ್ ಕೈಯಲ್ಲಿರುತ್ತದೆ. ಮ್ಯಾನೇಜರ್‌ಗೆ ದಿನದ ಖರ್ಚಿನ ಲೆಕ್ಕ ಒಪ್ಪಿಸಬೇಕಾದ ಒತ್ತಡ ಇರುತ್ತದೆ. ಹೀಗಾಗಿ, ಗಾಳಿ ಜೋರಾಗಿದೆ, ಕತ್ತಲಾಗುತ್ತಿದೆ, ಇವತ್ತು ಬೇಡ ಎಂದು ಹೇಳುವ ಅಧಿಕಾರವಿರುವ ಒಬ್ಬರೂ ಅಲ್ಲಿ ಇರುವುದಿಲ್ಲ. ಒಬ್ಬರಿಗೆ ಶಾಟ್ ಬೇಕು, ಇನ್ನೊಬ್ಬರಿಗೆ ಮತ್ತೊಂದು ದಿನದ ಬಾಡಿಗೆ ಉಳಿಯಬೇಕು. ಇಬ್ಬರ ಲೆಕ್ಕವೂ ಮುಂದುವರಿಸುವ ಕಡೆಗೇ ವಾಲುತ್ತದೆ. ಕನ್ನಡ ಚಿತ್ರನಿರ್ಮಾಣದ ದೊಡ್ಡ ಬಿರುಕು ಇದೇ ಎಂದು ನನ್ನ ಅಭಿಪ್ರಾಯ.

ಸಲಕರಣೆಗಳ ಜೊತೆ ಬರುವವರ ಸ್ಥಿತಿ ಇನ್ನೂ ತೊಡಕಿನದು. ಕ್ಯಾಮೆರಾ, ಲೈಟು, ಜನರೇಟರ್, ಕ್ರೇನ್ ಎಲ್ಲವೂ ಬಾಡಿಗೆಗೆ ಬರುತ್ತವೆ, ಅವುಗಳ ಜೊತೆಗೆ ಅವುಗಳನ್ನು ನೋಡಿಕೊಳ್ಳುವ ಹುಡುಗರೂ ಬರುತ್ತಾರೆ. ಲೈಟ್‌ಮ್ಯಾನ್‌ಗೆ ದೀಪ ಎಲ್ಲಿಡಬೇಕೆಂದು ಹೇಳುವವರು ಛಾಯಾಗ್ರಾಹಕರು, ದೀಪ ಒಡೆದರೆ ಕೇಳುವವರು ಬಾಡಿಗೆ ಕಂಪನಿಯವರು, ಸಂಜೆ ಬಾಟಾ, ಅಂದರೆ ದಿನದ ಭತ್ಯೆ, ಕೊಡುವವರು ಮ್ಯಾನೇಜರ್. ಆಗುಂಬೆಯಂತಹ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಅಂಗಳದ ನೀರಿನ ನಡುವೆ ಕೇಬಲ್ಲಿನ ಜಾಯಿಂಟ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿ ಎರಡು ಇಟ್ಟಿಗೆಯ ಮೇಲೆ ಎತ್ತಿಟ್ಟು ಕೆಲಸ ಸಾಗಿಸುವುದನ್ನು ನಾನೇ ಕಂಡಿದ್ದೇನೆ. ಮಳೆ ಹೆಚ್ಚಾದಾಗ ಜನರೇಟರ್ ಆಪರೇಟರ್ ತಾನಾಗಿಯೇ ಬಂದ್ ಮಾಡಬಹುದೇ, ಯಾರನ್ನಾದರೂ ಕೇಳಬೇಕೇ? ಕೇಳಬೇಕಾದರೆ ಮೂವರು ಯಜಮಾನರಲ್ಲಿ ಯಾರನ್ನು? ಪ್ರಶ್ನೆ ಸಣ್ಣದೆನಿಸಬಹುದು. 2021ರ ಆಗಸ್ಟ್‌ನಲ್ಲಿ ಬಿಡದಿಯ ಬಳಿ ಸಾಹಸ ಕಲಾವಿದರೊಬ್ಬರು ಚಿತ್ರೀಕರಣದಲ್ಲಿಯೇ ವಿದ್ಯುತ್ ಆಘಾತದಿಂದ ತೀರಿಕೊಂಡರು. ಅದಕ್ಕೂ ಮೊದಲು, 2016ರ ನವೆಂಬರ್ 7ರಂದು, ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರ್‌ನಿಂದ ಜಿಗಿದ ಇಬ್ಬರು ಕಲಾವಿದರು ದಡ ಸೇರದೆ ಮುಳುಗಿಹೋದರು.

ಹೊರಗಿನವರಿಗೆ ವಿಚಿತ್ರವೆನಿಸುವ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಗುಂಬೆಯಲ್ಲಿ ಚಿತ್ರೀಕರಿಸುವಾಗಲೂ ಕೆಲವೊಮ್ಮೆ ನೀರಿನ ಟ್ಯಾಂಕರ್ ತರಿಸಿ ಮಳೆ ಸುರಿಸಬೇಕಾಗುತ್ತದೆ. ಹಿಂದಿನಿಂದ ಬೆಳಕು ಬೀಳದಿದ್ದರೆ ನಿಜವಾದ ಮಳೆ ಕ್ಯಾಮೆರಾಗೆ ಸರಿಯಾಗಿ ಕಾಣುವುದಿಲ್ಲ, ಮತ್ತು ಒಂದು ಶಾಟ್‌ನಿಂದ ಇನ್ನೊಂದು ಶಾಟ್‌ಗೆ ಅದು ಒಂದೇ ಹದದಲ್ಲಿ ಬೀಳುವುದೂ ಇಲ್ಲ. ಜಿಟಿಜಿಟಿ ಮಳೆಯಲ್ಲಿ ಟ್ಯಾಂಕರ್ ಕಾಯುತ್ತ ನಿಂತ ಯೂನಿಟ್ಟನ್ನು ನೋಡಿ ಊರವರು ನಕ್ಕರೆ ತಪ್ಪೇನಿಲ್ಲ.

ಇನ್ನು ಲೋಕಲ್ ಮ್ಯಾನೇಜರ್ ಎಂಬ ಹುದ್ದೆ. ಮಲೆನಾಡಿನಲ್ಲಿ ನಡೆಯುವ ಯಾವ ಚಿತ್ರೀಕರಣವೂ ಈ ಮನುಷ್ಯನಿಲ್ಲದೆ ಒಂದು ದಿನವೂ ಸಾಗುವುದಿಲ್ಲ, ಆದರೂ ದಿನದ ಕೆಲಸಗಾರರ ಪಟ್ಟಿಯಾದ ಕಾಲ್‌ಶೀಟ್‌ನಲ್ಲಿ ಅವನ ಹೆಸರಿರುವುದು ಅಪರೂಪ. ಮೇಲೆ ಹೇಳಿದ ತೀರ್ಥಹಳ್ಳಿಯ ಹಿರಿಯರು ಅಂತಹ ಒಬ್ಬರು. ಯಾವ ತೊಟ್ಟಿಮನೆಯವರು ಜಗಲಿಯವರೆಗೆ ಮಾತ್ರ ಬಿಡುತ್ತಾರೆ, ಯಾರು ದೇವರ ಕೋಣೆಯ ಹೊರತು ಎಲ್ಲೆಡೆ ಬಿಡುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಅಡಿಕೆ ಕೊಯ್ಲು ಶುರುವಾದ ಮೇಲೆ ಅಂಗಳ ಸಿಗುವುದಿಲ್ಲ, ಸಿಕ್ಕರೂ ಹರಡಿದ ಅಡಿಕೆ ತೆಗೆಯಲು ಯಾರೂ ಒಪ್ಪುವುದಿಲ್ಲವೆಂದು ಅವರು ಹೇಳಿದ್ದನ್ನು ಬೆಂಗಳೂರಿನಿಂದ ಬಂದವರೊಬ್ಬರು ಕಿವಿಗೆ ಹಾಕಿಕೊಳ್ಳದೆ, ಕೊನೆಗೆ ಎರಡು ದಿನ ಕೈಕಟ್ಟಿ ಕುಳಿತದ್ದನ್ನು ಅವರು ನಗುತ್ತ ನೆನೆಯುತ್ತಾರೆ. ಲಿಂಗನಮಕ್ಕಿ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ, ಜನರೇಟರ್ ಗಾಡಿಯನ್ನು ಲಾಂಚ್‌ನಲ್ಲಿ ಯಾವ ಹೊತ್ತಿಗೆ ದಾಟಿಸಬೇಕೆಂಬ ಲೆಕ್ಕವೂ ಅವರದೇ ಆಗಿತ್ತು. ಇಷ್ಟಕ್ಕೆಲ್ಲ ಅವರಿಗೆ ಸಿಗುವುದು ದಿನದ ಕೂಲಿ, ಮತ್ತು ತೆರೆಯ ಮೇಲೆ ಕೃತಜ್ಞತೆಗಳ ಪಟ್ಟಿಯಲ್ಲಿ ಊರವರ ಜೊತೆಗೊಂದು ಹೆಸರು, ಅದೂ ಅಕ್ಷರ ತಪ್ಪಾಗಿ.

ಹೆಸರು ತಪ್ಪಾದರೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಅನುಮತಿಯ ವಿಷಯದಲ್ಲಿ ಮಾತ್ರ ಅವರಿಗೆ ನಿದ್ದೆ ಬರುವುದಿಲ್ಲ. ಮಲೆನಾಡಿನಲ್ಲಿ ನೆಲ ಯಾರದು ಎಂಬುದು ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ತೋಟ ಖಾಸಗಿ, ಪಕ್ಕದ ಸೊಪ್ಪಿನ ಬೆಟ್ಟದ ಹಕ್ಕು ಬೇರೆ, ಅದರಾಚೆ ಮೀಸಲು ಅರಣ್ಯ, ಇನ್ನೂ ಮುಂದೆ ಹೋದರೆ ಶರಾವತಿ ಕಣಿವೆ, ಶೆಟ್ಟಿಹಳ್ಳಿ ಅಥವಾ ಸೋಮೇಶ್ವರ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗೆ ಕ್ಯಾಮೆರಾ ಇಡಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಮಾಣಿ, ಲಿಂಗನಮಕ್ಕಿಯಂತಹ ಹಿನ್ನೀರಾದರೆ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು. ಡ್ರೋನ್ ಹಾರಿಸುವವರದು ಇನ್ನೊಂದು ಲೆಕ್ಕ. 2021ರ ಡ್ರೋನ್ ನಿಯಮಗಳ ಪ್ರಕಾರ ಕಾರ್ಯನಿರತ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರ್ ಒಳಗೆ ಮುಂಚಿತ ಅನುಮತಿಯಿಲ್ಲದೆ ಡ್ರೋನ್ ಎಬ್ಬಿಸುವಂತಿಲ್ಲ, 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ಮೀರುವಂತಿಲ್ಲ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ಶಿವಮೊಗ್ಗದ ಸುತ್ತಮುತ್ತ ಈ ಅಂಕಿಗಳು ದಿನನಿತ್ಯದ ಪ್ರಶ್ನೆಯಾಗಿವೆ. ಇಷ್ಟು ಕಾಗದಗಳನ್ನು ಹೊಂದಿಸಿ, ಯಾವುದು ಬಂದಿದೆ ಯಾವುದು ಬಂದಿಲ್ಲ ಎಂದು ಚಿತ್ರೀಕರಣದ ದಿನ ಬೆಳಿಗ್ಗೆ ಹೇಳುವುದಕ್ಕೆ ಬೇರೆಡೆ ಲೊಕೇಶನ್ ಮ್ಯಾನೇಜರ್ ಎಂಬ ಪೂರ್ಣಾವಧಿ ಹುದ್ದೆಯಿದೆ. ನಮ್ಮಲ್ಲಿ ಅರ್ಜಿಗೆ ಸಹಿ ಹಾಕುವವರು ಬೆಂಗಳೂರಿನಲ್ಲಿರುತ್ತಾರೆ. ಅರಣ್ಯ ಇಲಾಖೆಯ ಜೀಪು ಬಂದಾಗ ಮುಂದೆ ನಿಂತು ಉತ್ತರ ಕೊಡುವವರು ತೀರ್ಥಹಳ್ಳಿಯ ಈ ಹಿರಿಯರು.

ಕೆಲಸ ಹಂಚಿಕೊಳ್ಳುವ ನಮ್ಮ ಈ ರೂಢಿಗೆ ಒಂದು ಒಳ್ಳೆಯ ಮೂಲವೂ ಇದೆ ಎಂಬುದನ್ನು ಒಪ್ಪಬೇಕು. ಹೆಗ್ಗೋಡಿನ ನೀನಾಸಮ್ 1949ರಲ್ಲಿ ಹುಟ್ಟಿ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ‘ತಿರುಗಾಟ’ ತಂಡವನ್ನೂ ಆರಂಭಿಸಿದಾಗಿನಿಂದ, ವೇಷ ಹಾಕಿದವರೇ ಲಾರಿಯಿಂದ ಸೆಟ್ ಇಳಿಸುವ, ದೀಪ ಕಟ್ಟುವ, ನಾಟಕ ಮುಗಿದ ಮೇಲೆ ಪೆಟ್ಟಿಗೆ ತುಂಬುವ ಪಾಠವನ್ನು ಹಲವು ತಲೆಮಾರಿನ ಕಲಾವಿದರು ಅಲ್ಲಿ ಕಲಿತರು. ಇಂದು ಕನ್ನಡ ಸಿನಿಮಾದಲ್ಲಿ ಕೆಲಸ ಮಾಡುವ ಮಲೆನಾಡಿಗರಲ್ಲಿ ಹಲವರು ಆ ರಂಗಭೂಮಿಯಿಂದ ಬಂದವರು. ಹದಿನೈದು ಜನರ ತಂಡದಲ್ಲಿ ಇದು ನಿಜಕ್ಕೂ ಚೆಂದದ ಸಂಸ್ಕೃತಿ. ಆದರೆ ನೂರೈವತ್ತು ಜನ, ಜನರೇಟರ್, ಕ್ರೇನ್, ಹಿನ್ನೀರು ಇರುವಲ್ಲಿ "ಯಾರಾದರೂ ಮಾಡಿಯಾರು" ಎಂಬುದು "ಯಾರೂ ಮಾಡಲಿಲ್ಲ" ಎಂದಾಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಸೆಟ್‌ನಲ್ಲಿ ಹಂಚಿಕೆಯಾಗದೆ ಉಳಿದ ಹೊಣೆ ಪ್ಯಾಕಪ್ ಹೇಳಿದ ಕೂಡಲೇ ಮುಗಿದುಹೋಗುವುದಿಲ್ಲ. ಅದು ಹಾರ್ಡ್ ಡಿಸ್ಕ್‌ನೊಳಗೆ ಕುಳಿತು, ಕಂಪ್ಯೂಟರಿನಲ್ಲಿ ದೃಶ್ಯ ತಿದ್ದುವ ವಿಎಫ್‌ಎಕ್ಸ್‌ನವರ (ಸೆಟ್‌ನ ಮಾತಿನಲ್ಲಿ ಸಿಜಿಯವರ) ಬಳಿಗೆ ಹೋಗುತ್ತದೆ. ಶಂಕರ್ ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಟಿವಿ ಸರಣಿಗಾಗಿ ಆಗುಂಬೆಯನ್ನು ಮಾಲ್ಗುಡಿಯಾಗಿ ಮಾರ್ಪಡಿಸಿದಾಗ, ಬೇಡದ್ದೊಂದು ಚೌಕಟ್ಟಿನೊಳಗೆ ಬಂದರೆ ಅದನ್ನು ಕಲಾ ವಿಭಾಗ ಮುಚ್ಚಬೇಕಿತ್ತು ಅಥವಾ ಛಾಯಾಗ್ರಾಹಕರು ಕ್ಯಾಮೆರಾ ಸರಿಸಬೇಕಿತ್ತು; ಮೂರನೆಯ ದಾರಿ ಇರಲಿಲ್ಲ. ಆ ಸರಣಿಯಲ್ಲಿ ಕಾಣಿಸಿಕೊಂಡ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ಇಂದು ಅಂತಹ ಬೀದಿಯಲ್ಲಿ ವಿದ್ಯುತ್ ಕಂಬ ಅಡ್ಡ ಬಂದರೆ ಸೆಟ್‌ನಲ್ಲಿ ಕೇಳಿಬರುವ ಮಾತು ಒಂದೇ: "ಸಿಜಿಯಲ್ಲಿ ನೋಡ್ಕೊಳ್ಳೋಣ ಬಿಡಿ." ಈ ವಾಕ್ಯವನ್ನು ಹೇಳುವವರು ಯಾರು, ಅದರ ಖರ್ಚು ಹೊರುವವರು ಯಾರು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಕುಂದಾದ್ರಿಯ ತಪ್ಪಲಿನಲ್ಲಿ ನಾನು ಕಂಡ ಚಿತ್ರೀಕರಣವೊಂದರಲ್ಲಿ, ನಾಟಿ ಮುಗಿದ ಗದ್ದೆಯ ಬದುವಿನ ಮೇಲೆ ಹಸಿರು ಬಟ್ಟೆ ಕಟ್ಟಿದ್ದರು. ಹಿಂದೆ ಬೇರೊಂದು ದೃಶ್ಯ ಜೋಡಿಸುವುದಕ್ಕಾಗಿ ಕಟ್ಟುವ ಆ ಬಟ್ಟೆಯ ಬಣ್ಣ ಚೌಕಟ್ಟಿನಲ್ಲಿ ಬೇರೆಲ್ಲಿಯೂ ಇರಬಾರದು. ಸುತ್ತಲೂ ಹಸಿರೇ ತುಂಬಿದ ಮಲೆನಾಡಿನ ಮಳೆಗಾಲದಲ್ಲಿ ಅದು ನೀಲಿಯಾಗಿರಬೇಕೆಂದು ಹೇಳಲು ಅಲ್ಲಿ ವಿಎಫ್‌ಎಕ್ಸ್ ಮೇಲ್ವಿಚಾರಕರು ಇರಲಿಲ್ಲ. ಅವರನ್ನು ಹತ್ತು ದಿನ ಹೊರಗಡೆ ಕರೆತರುವ ಖರ್ಚು ಉಳಿಸಲು, ಕಚೇರಿಯ ತೀರ ಹೊಸ ಹುಡುಗನೊಬ್ಬನನ್ನು ಮೊಬೈಲ್ ಕೊಟ್ಟು ಕಳುಹಿಸಿದ್ದರು. ಆ ಹುಡುಗ ಮಾಡಬೇಕಾಗಿದ್ದದ್ದು ಡೇಟಾ ಸಂಗ್ರಹದ ಕೆಲಸ: ಯಾವ ಲೆನ್ಸು, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ, ಎಷ್ಟು ಬಾಗಿದೆ, ವಸ್ತು ಎಷ್ಟು ದೂರ ಎಂದು ಪ್ರತಿ ಶಾಟ್‌ಗೂ ಬರೆದುಕೊಳ್ಳುವುದು; ಬೂದು ಮತ್ತು ಕನ್ನಡಿಯಂತಹ ಗೋಳಗಳನ್ನು ಹಿಡಿದು ಅಲ್ಲಿನ ಬೆಳಕನ್ನು ದಾಖಲಿಸುವುದು; ನಟರಿಲ್ಲದ ಖಾಲಿ ಜಾಗದ ಪ್ಲೇಟ್ ಒಂದನ್ನು ತೆಗೆಸಿಕೊಳ್ಳುವುದು. ಅವನು ಎರಡು ಬಾರಿ "ಸರ್, ಕ್ಲೀನ್ ಪ್ಲೇಟ್" ಎಂದ. ಮೋಡ ಕವಿಯುತ್ತಿತ್ತು, ಊಟದ ಹೊತ್ತೂ ಮೀರಿತ್ತು. ಮೂರನೆಯ ಬಾರಿ ಹೇಳುವ ಧೈರ್ಯ ಅವನಿಗಾಗಲಿಲ್ಲ. ಕಾಲಿಗೆ ಹತ್ತಿದ ಇಂಬಳ ಕೀಳುತ್ತ ಬದುವಿನ ಮೇಲೆ ಕುಳಿತುಬಿಟ್ಟ. ಯೂನಿಟ್ಟಿಗೆ ಆ ಒಂದು ಪ್ಲೇಟ್‌ಗೆ ಅರ್ಧ ನಿಮಿಷ ಸಾಕಾಗುತ್ತಿತ್ತು.

ಆ ಅರ್ಧ ನಿಮಿಷದ ಬೆಲೆಯನ್ನು ಲೆಕ್ಕ ಹಾಕಬಹುದು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಹತ್ತು ಸೆಕೆಂಡಿನ ಶಾಟ್ ಎಂದರೆ 240 ಚೌಕಟ್ಟುಗಳು. ಮ್ಯಾಚ್‌ಮೂವ್ ಮಾಡುವವರು ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಬೇಕು. ಮಂಜಿನಲ್ಲಿ ಗುರುತುಗಳು ಮಸುಕಾಗಿದ್ದು, ಲೆನ್ಸಿನ ವಿವರವೂ ಇಲ್ಲದಿದ್ದರೆ ಅದು ಊಹೆಯ ಕೆಲಸವಾಗುತ್ತದೆ. ರೋಟೋ ಮಾಡುವವರು ನಟಿಯ ಅಂಚನ್ನು, ಗಾಳಿಗೆ ಹಾರುವ ಕೂದಲನ್ನೂ ಸೇರಿಸಿ, ಪ್ರತಿ ಚೌಕಟ್ಟಿನಲ್ಲಿಯೂ ಹಿನ್ನೆಲೆಯಿಂದ ಬಿಡಿಸಬೇಕು. ಪೇಂಟ್ ವಿಭಾಗದವರು ಅಲುಗಾಡುವ ಎಲೆಗಳ ಹಿಂದಿನಿಂದ ತಂತಿ ಅಳಿಸಿ, ಆ ಜಾಗದಲ್ಲಿ ಇದ್ದಿರಬಹುದಾದ ಎಲೆಗಳನ್ನು ಹುಟ್ಟಿಸಬೇಕು. ಎಲ್ಲವನ್ನೂ ಕೊನೆಗೆ ಕಂಪೋಸಿಟರ್ ಒಂದಾಗಿ ಹೊಂದಿಸಬೇಕು, ಬಿಳಿ ಸೀರೆಯ ಮೇಲೆ ಬಿದ್ದ ಹಸಿರು ಛಾಯೆಯನ್ನು ತೊಡೆಯಬೇಕು. ಈ ಸರಪಳಿಯಲ್ಲಿ ಹಿಂದಿನವರ ತಪ್ಪು ಮುಂದಿನವರ ರಾತ್ರಿಪಾಳಿಯಾಗುತ್ತದೆ. ಶಾಟ್‌ಗೆ ಇಷ್ಟು ಎಂದು ಮೊದಲೇ ದರ ಮಾತಾಗಿರುವುದರಿಂದ, ಆ ಹೆಚ್ಚಿನ ದಿನಗಳಿಗೆ ಸಾಮಾನ್ಯವಾಗಿ ಯಾರೂ ಹಣ ಕೊಡುವುದಿಲ್ಲ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಒಂದು ವರ್ಷ ಅನಿಮೇಷನ್ ಕಲಿತು, ಈಗ ವಿನೋಬನಗರದ ಬಾಡಿಗೆ ಕೋಣೆಯಲ್ಲಿ ಕುಳಿತು ರೋಟೋ ಮಾಡುವ ಯುವಕನಿಗೆ ಕುಂದಾದ್ರಿಯ ಗದ್ದೆಯಲ್ಲಿ ಏನಾಯಿತೆಂದು ತಿಳಿಯುವುದೂ ಇಲ್ಲ. ಅವನ ಪಾಲಿಗೆ ಅದು ಕೆಟ್ಟದಾಗಿ ತೆಗೆದ ಒಂದು ಶಾಟ್, ಅಷ್ಟೆ.

ಇದು ನಮ್ಮ ಬಡತನದ ಸಮಸ್ಯೆ ಎಂದುಕೊಳ್ಳುವ ಹಾಗಿಲ್ಲ. ಮುಂಬೈ ಮತ್ತು ಹೈದರಾಬಾದಿನಲ್ಲಿಯೂ ಶಾಖೆಗಳಿದ್ದ ಅಮೆರಿಕದ ರಿದಮ್ ಅಂಡ್ ಹ್ಯೂಸ್ ಎಂಬ ವಿಎಫ್‌ಎಕ್ಸ್ ಸಂಸ್ಥೆ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಅದೇ ತಿಂಗಳು ಅದರ ಕೆಲಸಕ್ಕೆ ವಿಎಫ್‌ಎಕ್ಸ್‌ನ ಆಸ್ಕರ್ ಬಂತು. ಮೊದಲೇ ದರ ನಿಗದಿಯಾಗಿ, ಬದಲಾವಣೆಗಳು ಮಾತ್ರ ಕೊನೆಯಿಲ್ಲದೆ ಬರುತ್ತಿದ್ದರೆ ಎಂತಹ ದೊಡ್ಡ ಕಂಪನಿಯೂ ಕುಸಿಯಬಹುದು ಎಂದು ಆಗ ಜಗತ್ತಿನಾದ್ಯಂತ ಚರ್ಚೆಯಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಸಂಸ್ಥೆಯ ವಿಎಫ್‌ಎಕ್ಸ್ ಕೆಲಸಗಾರರು ಒಕ್ಕೊರಲಿನಿಂದ ಸಂಘ ಕಟ್ಟುವ ಪರ ಮತ ಹಾಕಿದ್ದರ ಹಿಂದೆಯೂ ಇಂತಹ ಬೇಸರವೇ ಇತ್ತು. ಕರ್ನಾಟಕ 2012ರಷ್ಟು ಹಿಂದೆಯೇ ಅನಿಮೇಷನ್, ವಿಎಫ್‌ಎಕ್ಸ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ರೂಪಿಸಿತು, ಈಗ 2024ರಿಂದ 2029ರವರೆಗಿನ ಹೊಸ ನೀತಿಯೂ ಜಾರಿಯಲ್ಲಿದೆ. ನೀತಿಯಲ್ಲಿ ಉದ್ಯೋಗದ ಮಾತಿದೆ, ತರಬೇತಿಯ ಮಾತಿದೆ. ಇದೇ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ರೋಟೋದಂತಹ ಮೊದಲ ಮೆಟ್ಟಿಲಿನ ಕೆಲಸವನ್ನು ತಿನ್ನತೊಡಗಿವೆ. ಮೇಲಿನ ಮೆಟ್ಟಿಲಿಗೆ ಹೋಗಲು ಬೇಕಾದ ಅನುಭವ ಸಿಗುವುದು ಸೆಟ್‌ನಲ್ಲಿ ಮೇಲ್ವಿಚಾರಕರ ಪಕ್ಕ ನಿಂತಾಗ. ಆ ಹುದ್ದೆಯನ್ನೇ ಉಳಿತಾಯದ ಬಾಬ್ತಿನಲ್ಲಿ ಕಡಿದರೆ ತರಬೇತಿ ಪಡೆದವರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನೀತಿಯಿಂದ ಉತ್ತರ ಸಿಗುವುದಿಲ್ಲ.

ಒಬ್ಬರಿಗೆ ಎರಡು ಹುದ್ದೆ ಕೊಟ್ಟರೆ ಏನಾದೀತೆಂದು ತಿಳಿಯಲು 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ ನಡೆದದ್ದನ್ನು ನೆನೆಯಬಹುದು. ಚಿತ್ರೀಕರಣದ ಬಂದೂಕಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಮೃತಪಟ್ಟರು. ಆಯುಧಗಳ ಹೊಣೆ ಹೊತ್ತಿದ್ದವರಿಗೆ ಅದೇ ಚಿತ್ರದಲ್ಲಿ ಇತರ ರಂಗಪರಿಕರಗಳ ಕೆಲಸವನ್ನೂ ವಹಿಸಲಾಗಿತ್ತು. ಬಂದೂಕಿನಲ್ಲಿ ಗುಂಡಿಲ್ಲ ಎಂದು ಸೆಟ್‌ನಲ್ಲಿ ಘೋಷಿಸಿದವರು ಮೊದಲ ಸಹಾಯಕ ನಿರ್ದೇಶಕರೆಂಬ ಅಂಶವೂ ತನಿಖೆಯಲ್ಲಿ ಹೊರಬಂತು. ಆಯುಧದ ಹೊಣೆಯವರಿಗೆ 2024ರಲ್ಲಿ 18 ತಿಂಗಳ ಸೆರೆವಾಸವಾಯಿತು. ಹುದ್ದೆಗಳೆಲ್ಲ ಬರೆದಿಟ್ಟಿರುವ ದೇಶದಲ್ಲಿಯೂ ಸಾವು ತಪ್ಪಲಿಲ್ಲ, ನಿಜ. ಆದರೆ ಯಾರ ಕೆಲಸ ಯಾರು ಮಾಡಲಿಲ್ಲ ಎಂಬುದನ್ನು ನ್ಯಾಯಾಲಯ ಹೆಸರು ಹಿಡಿದು ಕೇಳಲು ಸಾಧ್ಯವಾಯಿತು.

ನಮ್ಮಲ್ಲಿ ಕಾನೂನು ಇಲ್ಲದಿರಲಿಲ್ಲ. ಸಿನಿಮಾ ಕೆಲಸಗಾರರ ಜೊತೆ ಲಿಖಿತ ಒಪ್ಪಂದ ಇರಬೇಕೆಂದು 1981ರ ಕೇಂದ್ರ ಕಾಯ್ದೆಯೇ ಹೇಳಿತ್ತು. ಮಲೆನಾಡಿನಲ್ಲಿ ದಿನಗೂಲಿಗೆ ಸೇರಿಕೊಂಡವರಲ್ಲಿ ಅಂತಹ ಕಾಗದ ಕಂಡವರನ್ನು ನಾನು ಭೇಟಿಯಾಗಿಲ್ಲ. ಆ ಕಾಯ್ದೆಯನ್ನು ಒಳಗೊಂಡ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಡಬ್ಬಿಂಗ್ ಕಲಾವಿದರು, ಸಾಹಸ ಕಲಾವಿದರು ಮತ್ತು ಡಿಜಿಟಲ್ ದೃಶ್ಯ-ಶ್ರವ್ಯ ಕೆಲಸಗಾರರೂ ಅದರ ವ್ಯಾಪ್ತಿಯಲ್ಲಿ ಬರುತ್ತಾರೆ, ಮತ್ತು ಹುದ್ದೆ, ವೇತನ, ಸಾಮಾಜಿಕ ಭದ್ರತೆಯನ್ನು ನಮೂದಿಸಿದ ನೇಮಕಾತಿ ಪತ್ರ ಕಡ್ಡಾಯವಾಗಿದೆ. ರಾಜ್ಯದಲ್ಲಿ 2024ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಶಾಸನ, ಟಿಕೆಟ್ ಮತ್ತು ಚಂದಾ ಹಣದ ಮೇಲೆ ಶೇಕಡಾ 1ರಿಂದ 2ರಷ್ಟು ಉಪಕರ ಹಾಕಿ ನಿಧಿ ಕಟ್ಟುವ ದಾರಿ ತೋರಿಸಿದೆ. ಎರಡೂ ಒಳ್ಳೆಯ ಹೆಜ್ಜೆಗಳೇ. ತೊಡಕಿರುವುದು, ಇಂತಹ ಸೌಲಭ್ಯಗಳನ್ನು ಪಡೆಯಲು ತಾನು ಸಿನಿಮಾ ಕೆಲಸಗಾರ ಎಂದು ತೋರಿಸುವ ಗುರುತು ಬೇಕು ಎಂಬಲ್ಲಿ. ಆ ಗುರುತು ಇರುವುದು ಬಹುಮಟ್ಟಿಗೆ ಬೆಂಗಳೂರಿನ ಸಂಘಗಳ ಕಾರ್ಡ್ ಪಡೆದವರ ಬಳಿ. ಹತ್ತು ದಿನ ಜೀಪು ಓಡಿಸಿ ಅಡಿಕೆ ಕೊಯ್ಲಿಗೆ ಮರಳುವವರ ಬಳಿಯಲ್ಲ.

ಮೊನ್ನೆ ಮತ್ತೆ ಸಿಕ್ಕಾಗ ತೀರ್ಥಹಳ್ಳಿಯ ಹಿರಿಯರು ತಮ್ಮ ಹಳೆಯ ಲೆಕ್ಕದ ಪುಸ್ತಕ ತೋರಿಸಿದರು. ಯೂನಿಟ್ಟಿನ ಹೆಸರು, ತಾರೀಖು, ಜೀಪಿನ ನಂಬರು, ಊಟದ ಎಲೆಗಳ ಲೆಕ್ಕ, ಬಾಕಿ ಹಣ ಎಲ್ಲವೂ ಅದರಲ್ಲಿತ್ತು. ಮಾಣಿಯ ಸುದ್ದಿಯ ನಂತರ ಅವರೇ ಗೆರೆ ಎಳೆದು ಹೊಸದೊಂದು ಕಲಂ ಸೇರಿಸಿಕೊಂಡಿದ್ದರು: ಇಂದು ನೀರಿಗಿಳಿದವರು, ಮೇಲೆ ಬಂದವರು. ಅದನ್ನು ತುಂಬಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅದಕ್ಕಾಗಿ ಬೇರೆ ಕೂಲಿಯೂ ಇಲ್ಲ. ನೇಮಕಾತಿ ಪತ್ರದ ವಿಷಯ ತಿಳಿಸಿದಾಗ ಅವರು ಕೇಳಿದ್ದು, "ಅದರಲ್ಲಿ ನನ್ನ ಹುದ್ದೆ ಅಂತ ಏನು ಬರೀತಾರೆ?"